ಪಟದ ಹಿಂದಿನ ದನಿ

ಅಲ್ಲಾಡಿಸಿದರೆ ಡಬ್ಬಿ ಗಲಗಲ ಎಂದಿತು. ಈ ಹೊತ್ತಿಗೆ ಅದು ಖಾಲಿಯಾಗಿರಬೇಕಿತ್ತು. ಹೊಸದನ್ನು ಒಯ್ಯಲು ಬನ್ನಿ ಎಂದು ಕ್ಲಿನಿಕ್ಕಿನಿಂದ ಸಂದೇಶ ಬಂದಿದ್ದಕ್ಕೇ ಕ್ಷೌರದಂಗಡಿಯ ಹುಡುಗ ಅದನ್ನು ಬಟ್ಟೆಯಡಿಯಿಂದ ತೆಗೆದದ್ದು. ಮುಚ್ಚಳ ಬಿಚ್ಚಿದರೆ ಅರ್ಧದಷ್ಟು ಮಾತ್ರೆ ಹಾಗೇ ಇದ್ದವು. ಆ್ಯಪ್‌ನಲ್ಲಿ ನೋಡಿದರೆ ಒಂದು ದಿನವೂ ತಪ್ಪಿರಲಿಲ್ಲ. ಎಲ್ಲಕ್ಕೂ ಹಸಿರು ಗುರುತು.

ಎಚ್‌ಐವಿ ಅಂಟದಂತೆ ದಿನವೂ ನುಂಗುವ ಮಾತ್ರೆ ಅದು. ಮನೆಯವರಿಗೆ ಅನುಮಾನ ಬಾರದಿರಲೆಂದು ಕ್ಲಿನಿಕ್ಕಿನವರು ತಮ್ಮ ಆ್ಯಪ್‌ಗೆ ನೀರಿನ ಹನಿಯ ವೇಷ ಹಾಕಿದ್ದರು. ಬೆಳಿಗ್ಗೆ ಮಾತ್ರೆ ನುಂಗಿ ಅದರಲ್ಲಿ ಗುರುತು ಒತ್ತಬೇಕು. ಗಡಿಬಿಡಿಯಲ್ಲಿ ಮರೆತರೆ, ಸಂಜೆ ಅದು "ನೀರು ಕುಡಿದ್ಯಾ?" ಎಂದು ಕೇಳುತ್ತದೆ, ಬಾಯಲ್ಲಿ ಉತ್ತರ ಕೊಡುವವರೆಗೂ ಬಿಡುವುದಿಲ್ಲ. ಗದರಿಸದಿದ್ದರೆ ತಾನು ಕೇಳುವ ಪೈಕಿ ಅಲ್ಲವೆಂದು ಅವನೇ ಗಡಸು ಗಂಡು ದನಿ ಆರಿಸಿಕೊಂಡಿದ್ದ. ಅಂಗಡಿಯ ಬಾಯಿಬಡುಕರ ಕಣ್ಣಿಗೆ ಬೀಳಬಾರದೆಂದು ಆ್ಯಪ್ ಹಾಕಿದ್ದ ಹಳೇ ಫೋನನ್ನು ಮನೆಯಲ್ಲೇ, ತೀರಿಹೋದ ತಾತನ ಪಟದ ಹಿಂದೆ ಇಟ್ಟಿದ್ದ. ಈಚೆಗೆ ಅಂಗಡಿಯಿಂದ ಬರುವುದು ತಡವಾಗುತ್ತಿತ್ತು. ಬಂದಾಗ ಫೋನು ಸುಮ್ಮನಿದ್ದರೆ, ಬೆಳಿಗ್ಗೆಯೇ ನುಂಗಿದ್ದೇನೆ ಎಂದುಕೊಂಡು ಮಲಗುತ್ತಿದ್ದ.

ಕ್ಲಿನಿಕ್ಕಿನ ಅಕ್ಕ ಮೊದಲು ರಕ್ತ ತೆಗೆಸಿದಳು. "ಸದ್ಯಕ್ಕೆ ಏನೂ ಇಲ್ಲ. ಆದ್ರೆ ಈಚೆಗೆ ಏನಾದ್ರೂ ಅಂಟಿದ್ರೆ ಇದ್ರಲ್ಲಿ ಕಾಣಲ್ಲ. ತಿಂಗಳು ಬಿಟ್ಟು ಇನ್ನೊಂದ್ಸಲ ಬಾ."

"ಮತ್ತೆ ಆ ಹಸಿರು ಗುರುತು ಹೇಗೆ ಬಂತಕ್ಕಾ?"

"ಯಾರೋ ಉತ್ತರ ಕೊಡ್ತಿದಾರೆ ಕಣೋ."

"ಮನೇಲಿರೋದು ನಾನು, ನಮ್ಮಜ್ಜಿ. ಅಜ್ಜಿ ಕಣ್ಣು ಪೂರ್ತಿ ಮಂಜು. ಅಲ್ಲೊಂದು ಫೋನಿದೆ ಅಂತಾನೇ ಗೊತ್ತಿಲ್ಲ ಅವಳಿಗೆ."

ಅಂದು ಅಂಗಡಿಗೆ ಚಕ್ಕರ್ ಹೊಡೆದು ಸಂಜೆಗೆ ಮೊದಲೇ ಮನೆ ಸೇರಿದ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತ. ಒಳಗೆ ದೀಪ ಹಾಕಿರಲಿಲ್ಲ. ಅಜ್ಜಿಗೆ ದೀಪದ ಹಂಗಿಲ್ಲ. ಪಟದ ಎದುರಿಗೆ ಕುರ್ಚಿ ಎಳೆದುಕೊಂಡು, ತಲೆ ಬಾಚಿಕೊಂಡು, ಮಡಿಲಲ್ಲಿ ಲೋಟ ಹಿಡಿದು ಕೂತಿದ್ದಳು. ಬೀಗರನ್ನು ಕಾಯುವವರಂತಿದ್ದಳು.

"ನೀರು ಕುಡಿದ್ಯಾ?" ಎಂದಿತು ಪಟ.

ತಾನೇ ಆರಿಸಿದ ದನಿ. ಆದರೂ ಅವನ ಮೈ ಜುಮ್ಮೆಂದಿತು. ಮೂತ್ರದ ಕಲ್ಲಿನಿಂದ ನರಳುತ್ತಿದ್ದ ಹೆಂಡತಿಯನ್ನು ಸಂಜೆಯಾದರೆ ಹೀಗೇ ಕೇಳುತ್ತಿದ್ದ ತಾತ, ಇದೇ ಗಡಸಿನಲ್ಲಿ.

"ಹೂಂ, ಕುಡಿದೆ," ಎಂದಳು ಅಜ್ಜಿ.

"ಒಳ್ಳೇದು," ಎಂದು ಪಟ ಸುಮ್ಮನಾಯಿತು.

ಅವನು ಒಳಗೆ ಕಾಲಿಡುತ್ತಲೇ ಅಜ್ಜಿ ಕತ್ತು ತಿರುಗಿಸಿದಳು. "ಬಂದ್ಯಾ ಮರಿ? ಈಗಷ್ಟೇ ಕೇಳಿದ್ರು ನಿಮ್ಮ ತಾತ. ಒಂದೊಂದು ದಿನ ಮಾತೇ ಆಡಲ್ಲ. ಸತ್ರೂ ಹೋಗಿಲ್ಲ ನೋಡು ಆ ಮುನಿಸು."

"ಅಜ್ಜಿ, ಅದು ನಿನ್ನ ಕೇಳ್ತಿರೋದಲ್ಲ."

"ಗೊತ್ತೋ. ನಾನು ಹೂಂ ಅಂದ್ರೂ ಇನ್ನೊಂದಿನ ಮತ್ತೆ ಕೇಳ್ತಾರಲ್ಲ, ನಿನ್ನನ್ನೂ ಸೇರಿಸಿ ಕೇಳ್ತಿರ್ಬೇಕು ಅಂದ್ಕೊಂಡೆ. ಪಾಪ, ನಿಂತೂ ನಿಂತೂ ದುಡಿದು ಬರೋ ಹುಡುಗ, ಬೈಸ್ಕೊಳ್ಳೋದು ಬೇಡ ಅಂತ ನಿನ್ನ ಪಾಲಿಂದೂ ನಾನೇ ಹೇಳ್ಬಿಡ್ತೀನಿ."

ಅವನಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟಾಗುವುದು? ಪಟದ ಹಿಂದೆ ಕೈ ಹಾಕಿ ಫೋನು ತೆಗೆದ. ದನಿ ತೆಗೆದುಹಾಕಲು ಒಂದೇ ಗುಂಡಿ ಒತ್ತಿದರೆ ಸಾಕು. ಅಜ್ಜಿ ಆ ಸದ್ದಿಗೆ ಕಿವಿಗೊಟ್ಟು, "ಪಟ ಅಲ್ಲಾಡಿಸ್ಬೇಡ ಮರಿ," ಎಂದಳು. ಅವನು ಫೋನನ್ನು ಇದ್ದಲ್ಲೇ ಇಟ್ಟ. "ನಾಳೆಯಿಂದ ನನ್ನ ಪಾಲಿಂದು ಹೇಳ್ಬೇಡಜ್ಜಿ. ನಾನೇ ಬರ್ತೀನಿ," ಎಂದ.

ಮರುದಿನ ಮಾಲೀಕನ ಹತ್ತಿರ ಬೈಸಿಕೊಂಡು ಬೇಗ ಬಂದ. ಅಜ್ಜಿಯ ಪಕ್ಕ ನೆಲದ ಮೇಲೆ ಕೂತ, ಅಂಗೈಯಲ್ಲಿ ಮಾತ್ರೆ.

"ನೀರು ಕುಡಿದ್ಯಾ?"

ಅಜ್ಜಿ ತುಟಿ ಬಿಚ್ಚಲಿಲ್ಲ. ತಡಕಾಡಿ ಅವನ ಕೈಗೆ ಲೋಟ ಕೊಟ್ಟಳು. ಕೋಣೆ ಕಪ್ಪಾಗುತ್ತಿತ್ತು. ದನಿ ಇನ್ನೊಮ್ಮೆ ಕೇಳಿತು, ಈ ಸಲ ಇನ್ನೂ ಹತ್ತಿರದಿಂದ ಎಂಬಂತೆ.

ಅವನು ನುಂಗಿದ. ಲೋಟ ಕೆಳಗಿಟ್ಟ.

"ಕುಡಿದೆ, ತಾತ."