ತೆಳ್ಳನೆಯ ಚಾರ್ಜರು

ನನ್ನ ಗಂಡ ತೀರಿಕೊಂಡು ಐದು ತಿಂಗಳಾದ ಮೇಲೆ ನಾನು ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು ಹೋದೆ. ನನಗೆ ಆಟದ ಆಸೆಯೇನೂ ಇರಲಿಲ್ಲ. ಮೈದುನನನ್ನು ಸೋಲಿಸಬೇಕಿತ್ತು.

ನನ್ನ ಗಂಡ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಒಂದು ಅಪಘಾತವಿಲ್ಲ, ಪಕ್ಕದ ಕನ್ನಡಿಯನ್ನು ಕೂಡ ಯಾರಿಗೂ ತಾಗಿಸಿದವರಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅವರ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದುಕೊಟ್ಟ. ಅವನು ಆಗಷ್ಟೇ ಹೊಸದು ಕೊಂಡಿದ್ದ. ಹಳೆಯದರಲ್ಲಿ ಕಾರು ಓಡಿಸುವ ಆಟವೊಂದಿತ್ತು. ಅಣ್ಣನಿಗೆಂದೇ ಕೊಟ್ಟೆ ಎಂದು ಬಂಧುಗಳ ಮನೆಮನೆಗೂ ಹೇಳಿಕೊಂಡು ಬಂದ. ಪ್ರತಿ ಭಾನುವಾರ ತನ್ನ ಹೊಸ ಯಂತ್ರವನ್ನು ಹೊತ್ತು ತಂದು ಮಂಚದ ಪಕ್ಕ ಕೂರುತ್ತಿದ್ದ. ಇಬ್ಬರೂ ಆಟದ ಒಂದೇ ರಸ್ತೆಯಲ್ಲಿ ಪಂದ್ಯ ಆಡುತ್ತಿದ್ದರು.

ಒಂದು ದಿನವೂ ಇವರು ಗೆಲ್ಲಲಿಲ್ಲ. ತಿರುವು ಬಂದಾಗಲೆಲ್ಲ ಪರದೆ ತಡವರಿಸುವುದು. ಅದು ಸರಿಹೋಗುವಷ್ಟರಲ್ಲಿ ಕಾರು ಗೋಡೆಗೆ ಬಡಿದಿರುವುದು.

"ಏನಣ್ಣ, ಅಲ್ಲೂ ಜನ ಹತ್ತಿಸ್ಕೊಳ್ತಾ ಇದೀಯಾ?" ಎಂದು ತಮ್ಮ ನಗುತ್ತಿದ್ದ. "ಟಿಕೆಟ್ ಹರಿದು ಮುಗಿಸಿ ಬಾ, ಮುಂದೆ ಕಾಯ್ತಿರ್ತೀನಿ."

ಇವರೂ ನಗುತ್ತಿದ್ದರು. ಅವನು ಹೋದ ಮೇಲೆ ಎರಡು ಕೈಗಳನ್ನೂ ಹೊದಿಕೆಯ ಮೇಲೆ ಚಾಚಿಕೊಂಡು ನೋಡುತ್ತಿದ್ದರು. ಕಡೆಯ ವಾರ ಹಾಗೆ ನೋಡುತ್ತ, "ಸೊಂಟ ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ ಕಣೇ, ಕೈಯೂ ಹೋಯ್ತು" ಎಂದರು. ಅದನ್ನು ನಂಬಿಕೊಂಡೇ ಸತ್ತರು.

ನಾನು ಬೆರಳಚ್ಚು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೀಲಿಮಣೆಯ ಭಯ ನನಗಿಲ್ಲ. ಹಳೆಯ ಲ್ಯಾಪ್‌ಟಾಪನ್ನು ಅದರ ತಂತಿಯ ಸಮೇತ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಹುಡುಗಿ ಕೇಳಿದಳು:

"ಮೊಮ್ಮಗನಿಗಾ ಅಜ್ಜಿ?"

"ನನಗೇ. ಕಾರಿನ ಆಟಕ್ಕೆ. ತಿರುವಲ್ಲೆಲ್ಲ ಇದು ತಡವರಿಸತ್ತೆ, ಇದಕ್ಕಿಂತ ಚುರುಕಾಗಿರಬೇಕು, ಬೆಲೆ ಜಾಸ್ತಿ ಇರಬಾರದು. ಮೈದುನನನ್ನ ಹಿಂದೆ ಹಾಕ್ಬೇಕು."

ಅವಳು ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದಳು. "ಕಡಿಮೆ ಬೆಲೇದು ಅಂದ್ರೆ ಮೊದಲು ಗ್ರಾಫಿಕ್ಸ್ ನೋಡ್ಬೇಕು. ಪರದೆ ಮೇಲೆ ಚಿತ್ರ ಬಿಡಿಸೋ ಚಿಪ್ಪು ಅದು. ಬೋರ್ಡಿಗೇ ಬೆಸೆದಿರ್ತಾರೆ, ಆಮೇಲೆ ಬದಲಾಯಿಸೋಕಾಗಲ್ಲ. ಮೆಮೊರಿ, ಡಿಸ್ಕು ಯಾವಾಗ ಬೇಕಾದ್ರೂ ಹೆಚ್ಚಿಸ್ಕೋಬಹುದು."

ಎರಡು ಯಂತ್ರಗಳನ್ನು ತಂದು ಮುಂದಿಟ್ಟಳು. ಎರಡರ ಮೇಲೂ ಒಂದೇ ಗ್ರಾಫಿಕ್ಸಿನ ಹೆಸರಿತ್ತು. ತೆಳ್ಳಗೆ, ನೋಡಲು ಚೆಂದವಾಗಿದ್ದುದನ್ನು ನಾನು ಮುಟ್ಟಿದೆ.

"ಅದು ಬೇಡ ಅಜ್ಜಿ. ಹೆಸರು ಒಂದೇ, ಆದ್ರೆ ಅದರ ಚಿಪ್ಪಿಗೆ ಅರವತ್ತು ವ್ಯಾಟ್ ಕೊಡ್ತಾರೆ, ಈ ದಪ್ಪಂದಕ್ಕೆ ನೂರು. ಒಂದೇ ಮನೆ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಹೊಟ್ಟೆತುಂಬ ಬಡಿಸಿ, ಒಬ್ಬನ್ನ ಅರೆಹೊಟ್ಟೇಲಿ ಎಬ್ಬಿಸಿದ ಹಾಗೆ."

ದಪ್ಪದ್ದರ ಕೀಲಿಗಳನ್ನು ಒತ್ತಿ ನೋಡಿದೆ. ಬೆರಳಿಗೆ ಸರಿಯಾಗಿ ಉತ್ತರ ಕೊಟ್ಟವು. ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪಗಳಿದ್ದುದನ್ನು ಆರಿಸಲು ಹೇಳಿದೆ. ಒಳಗೆ ಮೆಮೊರಿಯ ಪಟ್ಟಿ ಒಂದೇ ಇದೆ, ಅಂಥದ್ದೇ ಇನ್ನೊಂದು ಹಾಕಿಸಿ ಜೋಡಿ ಮಾಡಿದರೆ ಮತ್ತಷ್ಟು ಓಡುತ್ತದೆ ಎಂದಳು. ಅದು ಆಮೇಲೆ ನೋಡೋಣ ಎಂದೆ.

ಹುಡುಗಿ ನನ್ನ ಹಳೆಯದನ್ನು ಹೊರತೆಗೆದು ತಿರುಗಿಸಿ ನೋಡಿದಳು. "ಇದೂ ಒಳ್ಳೇ ಯಂತ್ರಾನೇ. ಆ ಆಟಕ್ಕೆ ತಡವರಿಸಬಾರದಲ್ಲ. ಚಾರ್ಜರ್ ಯಾವುದು?"

ಕೊಟ್ಟೆ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದರದ್ದು ಇದಲ್ಲ ಅಜ್ಜಿ. ಅದು ಇಟ್ಟಿಗೆ ಗಾತ್ರ ಇರತ್ತೆ. ಇಲ್ಲಿ ಅಡೀಲಿ ಬರೆದಿದೆ ನೋಡಿ, ನೂರ ಎಂಬತ್ತು ವ್ಯಾಟ್. ಇದು ಅರವತ್ತೈದು. ಕಾಗದ ಪತ್ರ ಬರೆಯೋಕೆ ಸಾಕು. ಆಟ ಶುರುವಾಯ್ತೋ, ಗ್ರಾಫಿಕ್ಸಿನ ಕತ್ತು ಹಿಸುಕಿದ ಹಾಗಾಗತ್ತೆ."

ಅಂಗಡಿಯ ದೊಡ್ಡ ಚಾರ್ಜರು ಸಿಕ್ಕಿಸಿ ಆಟ ತೆರೆದಳು. ನನ್ನ ಗಂಡ ಗೋಡೆಗೆ ಬಡಿಯುತ್ತಿದ್ದ ತಿರುವಿನಲ್ಲಿ ಕಾರು ಬೆಣ್ಣೆಯಲ್ಲಿ ಚಾಕು ಇಳಿದಂತೆ ತಿರುಗಿತು. ಅವಳು ನೀರು ತಂದುಕೊಟ್ಟಳು.

ಇಟ್ಟಿಗೆಯಂಥ ಚಾರ್ಜರು ಮೈದುನನ ಚೀಲದಲ್ಲಿ ಎರಡಿದ್ದವು. ಆ ಭಾನುವಾರಗಳಲ್ಲಿ ನಾನೇ ಕಂಡಿದ್ದೆ.

"ದೊಡ್ಡ ಚಾರ್ಜರ್ ಒಂದು ತಗೊಂಡ್ರೆ ಸಾಕು ಅಜ್ಜಿ, ಹೊಸ ಲ್ಯಾಪ್‌ಟಾಪೇ ಬೇಡ" ಎಂದು ಹುಡುಗಿ ದನಿ ತಗ್ಗಿಸಿದಳು. "ನಾನು ಹೀಗಂದೆ ಅಂತ ಯಜಮಾನ್ರಿಗೆ ಹೇಳ್ಬೇಡಿ."

"ಹೊಸದು ಕೊಡಮ್ಮ. ಹಳೇದಕ್ಕೆ ಈ ತೆಳ್ಳಂದೇ ಇರಲಿ."

ಮನೆಗೆ ಬಂದು ಒಂದು ತಿಂಗಳು ಅಭ್ಯಾಸ ಮಾಡಿದೆ. ಬೆಳಗಿನ ಪ್ರಾರ್ಥನೆ ಮುಗಿಸಿ ಎರಡು ಗಂಟೆ, ಊಟವಾದ ಮೇಲೆ ಎರಡು ಗಂಟೆ. ಪ್ರಾರ್ಥನೆಯಲ್ಲಿ ಮಾತ್ರ ಒಂದು ಅನುಮಾನ ಅಡ್ಡ ಬರುತ್ತಿತ್ತು. ಅವನು ಮರೆತು ಈ ಸಣ್ಣ ಚಾರ್ಜರು ಕೊಟ್ಟಿದ್ದರೆ? ಮರೆತವನನ್ನು ನೋಯಿಸಿದ ಪಾಪ ನನ್ನ ತಲೆಗೆ. ತಿಳಿದೇ ಕೊಟ್ಟಿದ್ದರೆ, ದೇವರೇ, ಅವನನ್ನು ನನ್ನ ಕೈಗೆ ಬಿಡು ಎಂದು ಬೇಡಿಕೊಂಡೆ.

ಒಂದು ಭಾನುವಾರ ಮೈದುನನನ್ನು ಪಂದ್ಯಕ್ಕೆ ಕರೆದೆ. "ನಿನ್ನದು ಹೊತ್ಕೊಂಡು ಬರ್ಬೇಡ. ಅಣ್ಣನದು ಇಲ್ಲೇ ಇದೆಯಲ್ಲ."

ಬಂದು ಮಂಚದ ಮೇಲೆ ಕೂತ. ಹಳೆಯದನ್ನು ಅವನ ಮುಂದಿಟ್ಟು ಹೊಸದನ್ನು ನಾನು ತೆಗೆದುಕೊಂಡೆ. ಹಳೆಯದರ ತಂತಿ ಮಂಚದ ಹಿಂದಿನಿಂದ ಬರುವಂತೆ ಮಾಡಿ ಚಾರ್ಜರನ್ನು ಕಾಣದ ಹಾಗೆ ಇಟ್ಟಿದ್ದೆ.

"ಅತ್ತಿಗೆ, ಬ್ರೇಕು ಯಾವುದು ಅಂತಾದ್ರೂ ಗೊತ್ತಾ?" ಎಂದ.

"ನಿಲ್ಲಿಸಬೇಕು ಅನ್ಸಿದಾಗ ಕೇಳ್ತೀನಿ."

ಆಟ ಶುರುವಾಯಿತು. ಮೊದಲ ತಿರುವಿನಲ್ಲಿ ಅವನ ಪರದೆ ತಡವರಿಸಿ ಕಾರು ಗೋಡೆಗೆ ಬಡಿಯಿತು. ಬೇರೆ ಯಾರಾದರೂ ಆಗಿದ್ದರೆ ಕೀಲಿ ಕುಟ್ಟುತ್ತಿದ್ದರು, ಪರದೆಯನ್ನು ಬೈಯುತ್ತಿದ್ದರು. ಅವನ ಕಣ್ಣು ನೇರವಾಗಿ ತಂತಿಯ ಮೇಲೆ ಹೋಯಿತು. ಬಗ್ಗಿ ಮಂಚದ ಹಿಂದೆ ಕೈಯಾಡಿಸಿದ.

"ಇನ್ನೂ ಆ ಸಣ್ಣದೇ ಹಾಕಿದೀರಾ?" ಎಂದುಬಿಟ್ಟ.

ನಾನು ಕಾರು ನಿಲ್ಲಿಸಲಿಲ್ಲ.

"ಸಣ್ಣದು ಅಂದ್ರೆ?"

"ನನಗೆ ಎರಡು ಬೇಕಿತ್ತು ಅತ್ತಿಗೆ. ಮನೆಗೊಂದು, ಆಫೀಸಿಗೊಂದು..." ಎಂದವನು ಅಲ್ಲಿಗೇ ನಿಲ್ಲಿಸಿದ. ಬೇರೆ ದನಿಯಲ್ಲಿ ಹೇಳಿದ: "ಚಿಕ್ಕಂದಿನಿಂದ ಸೈಕಲ್ಲಲ್ಲೂ ಅಣ್ಣನೇ ಗೆಲ್ತಿದ್ದ. ಒಂದೆರಡು ವಾರ ನಾನೂ ಗೆಲ್ಲೋಣ ಅಂದ್ಕೊಂಡೆ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಕೈಯೂ ಹೋಯ್ತು ಅಂತ ಅಂದ್ಕೊಂಡೇ ಸತ್ರು ನಿಮ್ಮಣ್ಣ."

ಅವನು ಕೀಲಿಮಣೆಯಿಂದ ಕೈ ತೆಗೆದ.

"ತೆಗೀಬೇಡ. ಇನ್ನೂ ನಾಲ್ಕು ಸುತ್ತಿದೆ."

"ಬಿಟ್ಬಿಡಿ ಅತ್ತಿಗೆ."

"ಅವರಿಗೆ ಎದ್ದುಹೋಗೋಕೆ ಸೊಂಟ ಇರ್ಲಿಲ್ಲ. ನಿನಗಿದೆ. ಆದ್ರೂ ಕೂತ್ಕೋ."

ಕೂತ. ನಾಲ್ಕು ಸುತ್ತೂ ಓಡಿಸಿದ. ಎರಡನೆಯ ತಿರುವಿನಲ್ಲಿ ಬಡಿದಾಗ, "ಜನ ಹತ್ತಿದ್ರಾ?" ಎಂದು ಕೇಳಿದೆ. ಮುಂದಿನದರಲ್ಲಿ, "ಟಿಕೆಟ್ ಹರಿದಾಯ್ತಾ?" ಎಂದೆ. ಆಮೇಲೆ ಕೇಳುವ ಅಗತ್ಯ ಬೀಳಲಿಲ್ಲ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ಅವನ ಕಣ್ಣೀರು ಕೀಲಿಗಳ ಮೇಲೆ ಬೀಳುತ್ತಿತ್ತು. ಒಂದು ಪೂರ್ತಿ ಸುತ್ತಿನ ಅಂತರದಲ್ಲಿ ಗೆದ್ದೆ.

ಮುಂದಿನ ಭಾನುವಾರ ಕರೆಯದೆಯೇ ಬಂದ. ಚೀಲದಿಂದ ಇಟ್ಟಿಗೆಯಂಥ ಚಾರ್ಜರು ತೆಗೆದು, "ಅಣ್ಣನದು" ಎಂದ. ಅವರು ಕೈ ಚಾಚಿಕೊಂಡು ನೋಡುತ್ತಿದ್ದ ಹೊದಿಕೆಯ ಮೇಲೆ ಅದನ್ನು ಇಡಿಸಿದೆ. ಯಂತ್ರಕ್ಕೆ ತೆಳ್ಳನೆಯದನ್ನೇ ಸಿಕ್ಕಿಸಿ ಅವನ ಮುಂದಿಟ್ಟೆ. ಆಡಲು ಕೂತ.

ನನ್ನ ಗಂಡ ಎಪ್ಪತ್ತೆರಡು ಭಾನುವಾರ ಸೋತಿದ್ದರು. ಇವನದು ಈಗ ಒಂಬತ್ತಾಗಿದೆ. ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ' ಎಂಬ ಮಾತು ಬರುವ ಕಡೆ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ದೇವರಿಗೆ ಸುಳ್ಳು ಹೇಳಲಾರೆ.

ಮೊನ್ನೆ ಮತ್ತೆ ಅಂಗಡಿಗೆ ಹೋಗಿ, ಆ ಎರಡನೆಯ ಮೆಮೊರಿ ಪಟ್ಟಿಯನ್ನು ಹಾಕಿಕೊಡು ಎಂದೆ.

"ಇನ್ನೂ ಗೆದ್ದಿಲ್ವಾ ಅಜ್ಜಿ?" ಎಂದಳು ಹುಡುಗಿ.

"ಪ್ರತಿ ವಾರ ಗೆಲ್ತಿದೀನಿ" ಎಂದೆ. "ಹಾಕಮ್ಮ."