ಕೃತಜ್ಞತೆಯ ಪುಟ

ಮುಂಬೈ ಹೊರವಲಯದ ಠಾಕುರ್ಲಿ ಸೇತುವೆಯ ನಡುವೆ ಶರ್ಮಿಳಾ ಗಕ್ಕನೆ ನಿಂತುಬಿಟ್ಟಳು. ನಡೆಯುತ್ತಾ ಓದುವುದು ಅವಳ ಹಳೆಯ ಚಾಳಿ. ರಿಕ್ಷಾದವರ ಬೈಗುಳಕ್ಕೂ ಜಗ್ಗಿದವಳಲ್ಲ. ಈಗ ಕೈಯಲ್ಲಿದ್ದುದು ಅವಳದೇ ಪಿಎಚ್‌ಡಿ ಪ್ರಬಂಧದ ಕರಡು. ಅದರ ಮೊದಲ ಪುಟದಲ್ಲಿತ್ತು: ‘ಡ್ರಮ್ ತೊಳೆದು ಬಂದ ಕೈಯಲ್ಲೇ ಚಹಾ ಮಾಡಿಕೊಟ್ಟ ಚಂದವ್ವನಿಗೆ ನಾನು ಋಣಿ.’

ಒಳಗಿನ ಅಧ್ಯಾಯಗಳಲ್ಲಿ ಒಬ್ಬರ ನಿಜ ಹೆಸರೂ ಇರಲಿಲ್ಲ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ರಾಸಾಯನಿಕದ ಡ್ರಮ್ ತೊಳೆಯುವಾಗ ಆಸಿಡ್ ಬಿದ್ದು ಎಡಗೈ ಸುಟ್ಟುಕೊಂಡ ಹೆಂಗಸು ಅಲ್ಲಿ ‘ಗಂಗವ್ವ’. ಆಸ್ಪತ್ರೆಯಲ್ಲಿ ‘ಬಿಸಿ ಎಣ್ಣೆ ಸಿಡೀತು’ ಎನ್ನಬೇಕೆಂದು ಅವಳಿಗೆ ಹೇಳಿಕೊಟ್ಟ ಕೂಲಿಯಾಳುಗಳ ಮೇಸ್ತ್ರಿ ಬರೀ ‘ಮುಕಾದಮ’. ಅಷ್ಟು ಜೋಪಾನವಾಗಿ ಮುಚ್ಚಿಟ್ಟದ್ದನ್ನು ಒಂದು ಸಾಲಿನ ಕೃತಜ್ಞತೆ ಬಯಲು ಮಾಡಿತ್ತು. ಕಾರ್ಮಿಕರ ಸಾಲುಮನೆಗಳ ಆ ಚಾಳಿನಲ್ಲಿ ಡ್ರಮ್ ತೊಳೆಯುವವಳು ಚಂದವ್ವ ಒಬ್ಬಳೇ. ಸಾಲದ್ದಕ್ಕೆ, ನಿನ್ನೆ ಸಂಜೆ ಶರ್ಮಿಳಾ ಇದರ ಒಂದು ಪ್ರತಿಯನ್ನು ಹಿಗ್ಗಿನಿಂದ ಅವಳ ಕೈಗೇ ಕೊಟ್ಟು ಬಂದಿದ್ದಳು. ಮಹಾ ಸಂಶೋಧಕಿ!

ಇವತ್ತು ಶುಕ್ರವಾರ, ಇಲ್ಲಿನ ಕಾರ್ಖಾನೆಗಳಿಗೆ ವಾರದ ರಜೆ. ಎಲ್ಲರೂ ಮನೆಯಲ್ಲೇ ಇರುತ್ತಾರೆ ಎಂದು ನೆನಪಾಗಿ ಶರ್ಮಿಳಾಳಿಗೆ ಇನ್ನಷ್ಟು ಭಯವಾಯಿತು. ಓದು ಬಾರದ ಚಂದವ್ವ ಅದನ್ನು ದೇವರ ಪಟದ ಹಿಂದೆ ಇಟ್ಟು ಮರೆತಿರಲಿ ಎಂದು ಬೇಡಿಕೊಳ್ಳುತ್ತಾ ಓಡುನಡಿಗೆಯಲ್ಲಿ ಚಾಳು ಸೇರಿ, ಕಟ್ಟೆಯ ಬಳಿ ನೆರೆದಿದ್ದ ಹೆಂಗಸರನ್ನು ದಾಟಿ ಅವಳ ಮನೆಯೊಳಗೆ ನುಗ್ಗಿದಳು.

“ಪುಸ್ತಕ ಎಲ್ಲಿ ಚಂದವ್ವಾ? ಅದರಲ್ಲಿ ತಪ್ಪಾಗಿದೆ ಮಾರಾಯ್ರೆ, ವಾಪಸ್ ಕೊಡಿ.”

“ತಪ್ಪು ಇರ್ಲಿ ಬಿಡ್ರಿ ಅಕ್ಕೋರ!” ಚಂದವ್ವ ಸ್ಟೋವಿನ ಮುಂದಿನಿಂದಲೇ ನಕ್ಕಳು. “ಕೈ ಸುದ್ದಿ ಬ್ಯಾರೆ ಹೆಸರಿನಾಗ ಹಾಕೀನಿ ಅಂದಿದ್ರಲ್ಲ? ನನ್ನ ಹೆಸರ ಇರೂ ಹಾಳಿ ಅಷ್ಟ ಓದಸಾಕ ಸೈದಪ್ಪಣ್ಣನ್ನ ಕರಸೀನಿ. ನಮ್ಮೂರಾಂವ, ಹತ್ತನೇ ಇಯತ್ತಾ ತನಕ ಕಲ್ತಾನ.”

ಸೈದಪ್ಪನೇ ಆ ಮುಕಾದಮ. ಬೆಳಿಗ್ಗೆ ಗೇಟಿನಲ್ಲಿ ನಿಂತು ಯಾರಿಗೆ ಕೆಲಸ, ಯಾರು ಮನೆಗೆ ಎಂದು ಬೆರಳಿನಲ್ಲೇ ಹೇಳುವವನು. ಈಗ ಹೊರಗಿನ ಕಟ್ಟೆಯ ಮೇಲೆ ಕೂತು, ಸುತ್ತ ನೆರೆದ ಹೆಂಗಸರಿಗೆ ಗಟ್ಟಿಯಾಗಿ ಓದುತ್ತಿದ್ದ. “ಚಂದವ್ವನಿಗೆ ನಾನು ಋಣಿ” ಎಂದಾಗ ಎಲ್ಲರೂ ಹೋ ಎಂದರು.

“ಇನ್ನೊಮ್ಮೆ ಓದ್ರಿ ಯಣ್ಣಾ,” ಎಂದು ಚಂದವ್ವ ಒಳಗಿನಿಂದ ಕೂಗಿದಳು.

ಅವನು ಇನ್ನೊಮ್ಮೆ ಓದಿದ. ಆಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ.

“ಅಣ್ಣಾ, ಅದು ಬರೀ ಕರಡು. ಕೊಡಿ,” ಎಂದು ಶರ್ಮಿಳಾ ಕೈ ಚಾಚಿದಳು.

“ಇರ್ರಿ ಮೇಡಂ. ಚಲೋ ಬರದೀರಿ.”

ಪುಟಗಳು ತಿರುಗಿದವು. ಓದುತ್ತಾ ಆಡುತ್ತಿದ್ದ ಅವನ ತುಟಿ ಒಂದು ಕಡೆ ನಿಂತುಹೋಯಿತು.

“ಈ ಗಂಗವ್ವ ಯಾರ್ರಿ?”

“ಅದು… ಬೇರೆ ಕಡೆಯವರು. ಘಣಸೋಲಿಯವರು,” ಎಂದಳು ಶರ್ಮಿಳಾ.

ಸೈದಪ್ಪ ಅವಳತ್ತ ನೋಡಲೇ ಇಲ್ಲ. ಅಷ್ಟರಲ್ಲಿ ಚಂದವ್ವ ಹೊರಗೆ ಬಂದು, ನಗುತ್ತಲೇ, ಹಿರಿಯರಿಗೆ ಕೊಡುವಂತೆ ಎರಡೂ ಕೈಯಲ್ಲಿ ಚಹಾದ ಕಪ್ಪು-ಬಸಿ ಅವನ ಮುಂದೆ ಹಿಡಿದಿದ್ದಳು. ಅವನು ಕಪ್ಪು ತೆಗೆದುಕೊಳ್ಳಲಿಲ್ಲ. ಅವಳ ಸುಟ್ಟ ಎಡಗೈಯನ್ನೇ ನೋಡುತ್ತಾ ಕೂತ.

ಚಂದವ್ವನ ನಗು ಮೆಲ್ಲಗೆ ಇಳಿಯಿತು. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಲಗೈಯಲ್ಲಿ ಉಳಿದ ಕಪ್ಪು ವಾಲಿ, ಚಹಾ ಬಸಿಗೆ ಚೆಲ್ಲುತ್ತಿತ್ತು.