ಮೂರನೇ ಅಂಕದ ಬಾಗಿಲು

ಬೆಳಿಗ್ಗೆ ಹತ್ತೂವರೆಗೆ ವಾದ್ಯವೃಂದದ ನಿರ್ದೇಶಕರ ಕೋಣೆಯ ಬಾಗಿಲನ್ನು ಕಳಚಿಕೊಂಡು ಹೋದರು.

ಆಜ್ಞೆ ಅವರದೇ. ನೂರು ವರ್ಷದ ಹಿಂದಿನ ಸಂಗೀತಗಾರನೊಬ್ಬನ ಎರಡು ಕೃತಿಗಳ ಧ್ವನಿಮುದ್ರಣ ನಡೆದಿತ್ತು. ಒಂದರಲ್ಲಿ ವೃಂದದ ಮುಂದೆ ಒಬ್ಬರೇ ನಿಂತು ಪಿಟೀಲು ನುಡಿಸಬೇಕು. ಇನ್ನೊಂದು ನಾಟಕದ ಸಂಗೀತ. ಅದರ ಮೂರನೇ ಅಂಕದಲ್ಲಿ ಬಾಗಿಲೊಂದು ದಡಾರನೆ ಮುಚ್ಚಬೇಕು. "ಹೊರಗಿನಿಂದ ಏನೂ ತರಿಸಬಾರದು" ಎಂದು ನಿರ್ದೇಶಕರು ಬರೆದುಕೊಟ್ಟಿದ್ದರು. ಕಟ್ಟಡದಲ್ಲಿ ಗಟ್ಟಿಮರದ ಬಾಗಿಲು ಇದ್ದದ್ದು ಒಂದೇ. ಕಾರಿಡಾರಿನ ಗದ್ದಲದಲ್ಲಿ ಮುದ್ರಣ ಆಗದೆಂದು ಅದನ್ನು ಸ್ಟುಡಿಯೋಕ್ಕೇ ಹೊತ್ತರು.

"ಅಲ್ಲಮ್ಮಾ, ಅದು ವಾಪಸ್ ಬರೋತನಕ ನನ್ನ ಗತಿ?" ಎಂದರು ನಿರ್ದೇಶಕರು.

"ಗಾಳಿ ಚೆನ್ನಾಗಿ ಬರುತ್ತೆ ಬಿಡಿ ಸಾರ್" ಎಂದಳು ಸೌಂಡ್ ಇಂಜಿನಿಯರ್.

ನಿರ್ದೇಶಕರಿಗೆ ಆ ಬಾಗಿಲೇ ಪ್ರಾಣ. ಒಂಟಿ ಪಿಟೀಲಿನ ಅವಕಾಶವನ್ನು ಅವರು ವೃಂದದ ಹಿರಿಯ ಪಿಟೀಲುಗಾರ್ತಿಗೂ ಕೊಡುವುದಾಗಿ ಹೇಳಿದ್ದರು, ಹೆಂಡತಿಯ ತಮ್ಮನಿಗೂ ಕೊಡುವುದಾಗಿ ಹೇಳಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗಾಗಿ ಬಾಗಿಲು ಹಾಕಿಕೊಂಡು ಒಳಗೆ ಕೂತು, "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದು ಹೇಳಿಸುತ್ತ ವಾರಗಟ್ಟಲೆ ತಳ್ಳಿದ್ದರು. ಮುದ್ರಣ ಅಂದೇ ಮಧ್ಯಾಹ್ನ.

ಸ್ವಲ್ಪ ಹೊತ್ತಿಗೆ ಪಿಟೀಲುಗಾರ್ತಿ ಹೊಸ್ತಿಲಲ್ಲಿ ನಿಂತಳು. ಬೆನ್ನಿಗೇ ಬಾಮೈದ.

"ಮೀಟಿಂಗಾ ಸಾರ್?" ಎಂದಳು ಆಕೆ, ಖಾಲಿ ಕುರ್ಚಿಗಳನ್ನು ನೋಡುತ್ತ.

"ನಾನೇ ನುಡಿಸೋದು ಅಂತ ಇವರಿಗೆ ಹೇಳಿಬಿಡಿ ಭಾವ. ಅಕ್ಕ ಊರಿಗೆಲ್ಲ ಡಂಗುರ ಹೊಡೆದಾಗಿದೆ."

"ಇಬ್ರೂ ನಮ್ಮವರೇ. ಅರ್ಧರ್ಧ..."

"ಹೋಳು ಮಾಡೋಕೆ ಇದೇನು ಸೇಬಾ ಸಾರ್?"

ಅಷ್ಟರಲ್ಲಿ ಅರ್ಧ ವೃಂದ ಬಾಗಿಲಿಲ್ಲದ ಬಾಗಿಲಲ್ಲಿ ನೆರೆದಿತ್ತು. "ಇಬ್ರೂ ಇಲ್ಲೇ ನುಡಿಸಲಿ" ಎಂದು ಯಾರೋ ಕೂಗಿದರು. ಬಾಮೈದ ಮೂರನೇ ಸಾಲಿಗೇ ಮುಗ್ಗರಿಸಿ, ತಂತಿಯನ್ನು ಬೈದ. ಪಿಟೀಲುಗಾರ್ತಿ ಕೊನೆಮುಟ್ಟಿಸಿದಳು. ಅಷ್ಟು ಕಣ್ಣುಗಳ ಎದುರು ನಿರ್ದೇಶಕರಿಗೆ ಬೇರೆ ದಾರಿ ಇರಲಿಲ್ಲ.

"ಇವರೇ" ಎಂದು ಆಕೆಯತ್ತ ಕೈ ತೋರಿಸಿದರು.

ಇಷ್ಟೆಲ್ಲ ಮಾಡಿದ ಬಾಗಿಲು ಮೈಕಿನ ಎದುರು ಕೈಕೊಟ್ಟಿತು. ವರ್ಷಗಟ್ಟಲೆ ಮೆಲ್ಲಗೆ ಮುಚ್ಚಿಸಿಕೊಂಡು ಅಭ್ಯಾಸವಾಗಿದ್ದ ಅದು, ಎಷ್ಟು ಬಡಿದರೂ ದೊಡ್ಡಮನುಷ್ಯರ ಕೆಮ್ಮಿನಷ್ಟೇ ಸದ್ದು ಮಾಡಿತು.

ಸಂಜೆ ಹೆಂಡತಿ ಜಗಳ ಆಡಲಿಲ್ಲ. "ತಮ್ಮ ಫೋನ್ ಮಾಡಿದ್ದ" ಎಂದಷ್ಟೇ ಹೇಳಿ, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಡಿತಕ್ಕೆ ಗೋಡೆಯ ಗಡಿಯಾರ ನಿಂತುಹೋಯಿತು. ಹೊರಗುಳಿದ ನಿರ್ದೇಶಕರು ಕ್ಷಣ ಕಿವಿಗೊಟ್ಟು ನಿಂತರು; ಆಮೇಲೆ ಸೌಂಡ್ ಇಂಜಿನಿಯರಿಗೆ ಫೋನ್ ಹಚ್ಚಿದರು.

ಮರುದಿನ ಅವಳು ಮೈಕು ಹಿಡಿದು ಮನೆಗೆ ಬಂದಳು. ಮುದ್ರಣ ಒಂದೇ ಸಲಕ್ಕೆ ಮುಗಿಯಿತು.